ಒಡೆಯಬೇಕಾಗಿದ್ದ ಗಾಜು

ಊರಲ್ಲಿ ಯಾರ ಮನೆಯಲ್ಲಿ ಏನು ಮುರಿದರೂ ಗಿರಿಮಲ್ಲ ಕಾಕಾ ‘ಅಯ್ಯೋ ಪಾಪ’ ಅಂದವರಲ್ಲ. ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು ಒಂದೇ: “ಹ್ಯಾಂಗ ಮುರೀತು? ಒಮ್ಮಿಗಲೇನೋ, ಮೆಲ್ಲಕೋ?” ಗಡಿಗೆ ಒಡೆದರೂ ಇದೇ ಪ್ರಶ್ನೆ, ಬಂಡಿಯ ಕೀಲು ಮುರಿದರೂ ಇದೇ ಪ್ರಶ್ನೆ. ನಮ್ಮ ಪಕ್ಕದ ಮನೆಯ ಅಜ್ಜ ಹೊಸ್ತಿಲಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗಲೂ ಕಾಕಾ ಬಂದು ಹಾಸಿಗೆಯ ಪಕ್ಕ ಕುಳಿತರು. “ಬಿದ್ದ ಮ್ಯಾಲ ಮುರೀತೋ, ಮುರಿದ ಮ್ಯಾಲ ಬಿದ್ರೋ?” ಎಂದು ಕೇಳಿದರು.

ಅಜ್ಜ ನರಳುತ್ತಲೇ, “ಅದನ್ನ ತಿಳಕೊಂಡು ನೀ ಏನ್ ಮಾಡಾಂವಪ್ಪಾ? ಮೊದಲ ನನ್ನ ಆ ಮಗ್ಗಲಕ್ಕ ಹೊಳ್ಳಸು” ಅಂದರು.

ಮುದುಕರಲ್ಲಿ ಎಲುಬು ತಾನೇ ಮೊದಲು ಮುರಿದು, ಆಮೇಲೆ ಮನುಷ್ಯ ಬೀಳುವುದುಂಟು ಎಂದು ಬಹಳ ವರ್ಷಗಳ ನಂತರ ಒಬ್ಬ ಡಾಕ್ಟರು ನನಗೆ ಹೇಳಿದರು. ಕಾಕಾ ಕೇಳಿದ್ದು ಹುಚ್ಚು ಪ್ರಶ್ನೆಯಾಗಿರಲಿಲ್ಲ. ಆದರೆ ಅಜ್ಜನ ಹಾಸಿಗೆಯ ಬಳಿ ನಾನು ನಿಜವಾಗಿ ಇದ್ದೆನೇ, ಇಲ್ಲವೇ ಕೇಳಿ ಕೇಳಿ ಕಂಡಂತೆ ಆಗಿದೆಯೇ ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಪ್ರಮಾಣ ಮಾಡಲಾರೆ. ನನ್ನ ಅಕ್ಕ ಈಗಲೂ ಗಟ್ಟಿಯಾಗಿದ್ದಾಳೆ. ನಾನು ಹೇಳುವ ಹತ್ತು ಸಂಗತಿಗಳಲ್ಲಿ ಮೂರಕ್ಕಾದರೂ ಅವಳು ಹಾಗಲ್ಲ ಎಂದು ತಲೆಯಾಡಿಸುತ್ತಾಳೆ. ಹಾಗೆ ತಲೆಯಾಡಿಸಿದ ಜಾಗಗಳನ್ನು ಇಲ್ಲಿ ಆಗಾಗ ಹೇಳುತ್ತ ಹೋಗುತ್ತೇನೆ.

ಕಾಕಾ ನನ್ನ ರಕ್ತಸಂಬಂಧಿಯಲ್ಲ. ಉಮದಿಯಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಎತ್ತರದ, ಬಡಕಲು ಆಳು. ಬಿಳಿ ಅಂಗಿ, ಬಿಳಿ ಧೋತರ, ತಲೆಯ ಮೇಲೆ ಗಾಂಧಿ ಟೊಪ್ಪಿಗೆ. ಜೇಬಿನಲ್ಲಿ ಪೆನ್ನಿನ ಬದಲು ಒಂದು ಚಿಕ್ಕ ಉಕ್ಕಿನ ಅಳತೆಪಟ್ಟಿ. ಗೋಡೆಯ ಪಕ್ಕ ನಡೆಯುವಾಗ ಅವರ ಕೈ ತಾನಾಗಿ ಗೋಡೆಗೆ ಹೋಗುತ್ತಿತ್ತು. ಬಿರುಕು ಸಿಕ್ಕಲ್ಲಿ ಉಗುರು ನಿಲ್ಲುತ್ತಿತ್ತು. ನಮ್ಮ ಕಡೆಯ ಮನೆಗಳ ಪಡಸಾಲೆಯ ಗೋಡೆಯಲ್ಲಿ ದೀಪಕ್ಕೂ ದೇವರಿಗೂ ಗೂಡುಗಳಿರುತ್ತವೆ. ಕಾಕಾನ ಮನೆಯ ಗೂಡುಗಳಲ್ಲಿ ಮುರಿದ ಸಾಮಾನುಗಳಿದ್ದವು. ಕುಂಟೆಯ ಕುಡದ ತುದಿ, ಬಾವಿಯ ರಾಟೆಯ ಅಚ್ಚು, ಹಿಡಿಯ ಬುಡದಲ್ಲಿ ಸೀಳಿದ ಕುಡಗೋಲು, ಇವೆಲ್ಲ ಮುರಿದ ಮುಖ ಹೊರಗೆ ಮಾಡಿಕೊಂಡು ಸಾಲಾಗಿ ಕುಳಿತಿದ್ದವು. ಒಡೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅವರ ತಾಯಿಗೆ ಅದೇ ದೊಡ್ಡ ಸಂಕಟ. ನಮ್ಮ ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದರು: “ಮಂದಿ ಮನ್ಯಾಗ ಗೂಡಿನ್ಯಾಗ ಲಿಂಗಪ್ಪ ಇರ್ತಾನ. ನಮ್ಮನ್ಯಾಗ ನೋಡವಾ, ಮುರಕ ಕುಡಗೋಲ ಕುಂತಾವು. ಹೆಣ್ಣ ನೋಡಾಕ ಬಂದವರು ಚಾ ಕುಡದು ಹಂಗ ಎದ್ದ ಹೋಗ್ತಾರ.”

ಕಾಕಾ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರು. ಆಮೇಲೆ ಮುಂಬೈಯ ಒಂದು ಪರೀಕ್ಷಾಲಯದಲ್ಲಿ ಕೆಲಸ. ಅಲ್ಲಿ ದಿನವಿಡೀ ಸಿಮೆಂಟಿನ ಗಟ್ಟಿಗಳನ್ನು ಯಂತ್ರದಲ್ಲಿಟ್ಟು ಒಡೆಯುವುದು, ಕಬ್ಬಿಣದ ಸಲಾಕೆಗಳನ್ನು ಹರಿಯುವ ತನಕ ಎಳೆಯುವುದು. “ಮುರಿಯೋರು ಭಾಳ ಮಂದಿ ಇದ್ವಿ. ಮುರಿದದ್ದನ್ನ ನೋಡೋರು ಯಾರೂ ಇರಲಿಲ್ಲ. ಅಂಕಿ ಬರಕೊಂಡು ತುಂಡ ಒಗದ ಬಿಡ್ತಿದ್ರು” ಎನ್ನುತ್ತಿದ್ದರು. ಎಸೆದ ತುಂಡುಗಳನ್ನು ಆರಿಸಿಕೊಂಡು ನೋಡುತ್ತಿದ್ದ ಈ ಮನುಷ್ಯನನ್ನು ಒಬ್ಬ ಪ್ರಾಧ್ಯಾಪಕರು ಗುರುತಿಸಿ ತಮ್ಮ ಸಂಶೋಧನೆಗೆ ಕರೆದುಕೊಂಡರು. ಘನ ವಸ್ತುಗಳು ಹೊರೆಯನ್ನು ಹೇಗೆ ಹೊರುತ್ತವೆ, ಎಲ್ಲಿ ಸೋಲುತ್ತವೆ ಎಂಬುದೇ ಅವರ ವಿಷಯ. ಎರಡು ವರ್ಷ ಕೆಲಸ ಸರಿಯಾಗಿ ನಡೆಯುವಷ್ಟರಲ್ಲಿ ಕಾಕಾನ ಎದೆಗೆ ರೋಗ ಬಂತು. ಮೀರಜದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದರು. ಮುಂಬೈಯ ಹಸಿ ಗಾಳಿ ಬೇಡ, ನಿಮ್ಮ ಊರಿನ ಒಣ ಹವೆಯೇ ಔಷಧ ಎಂದು ಡಾಕ್ಟರು ಹೇಳಿ ಕಳಿಸಿದರು. ಹಾಗೆ ಮಳೆ ಬಾರದ ನಮ್ಮ ಜತ್ತ ತಾಲೂಕು ಒಬ್ಬರಿಗಾದರೂ ಉಪಯೋಗಕ್ಕೆ ಬಂತು.

ಅವರ ಜೊತೆಗೆ ನನ್ನ ಒಡನಾಟ ಬೆಳೆದದ್ದು ನಾನು ವಿಜಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ. ಒಮ್ಮೆ ಇಬ್ಬರೂ ವಿಜಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಅರ್ಧ ದಾರಿಯಲ್ಲಿ ಬಸ್ಸು ಒಂದು ತಗ್ಗಿನಲ್ಲಿ ಇಳಿದು ಹಿಂದಿನ ಅಚ್ಚು ಮುರಿಯಿತು. ಜನ ಇಳಿದು ಜಾಲಿಯ ನೆರಳಿಗೆ ಹೋಗಿ ಡ್ರೈವರನನ್ನು ಬೈಯತೊಡಗಿದರು. ಕಾಕಾ ಮಾತ್ರ ಬಸ್ಸಿನ ಕೆಳಗೆ ಬಗ್ಗಿದ್ದರು. ಕ್ಲೀನರನ ಕೈಯಿಂದ ಮುರಿದ ತುಂಡು ಇಸಿದುಕೊಂಡು ಧೋತರದ ಚುಂಗಿನಿಂದ ಒರೆಸಿ ನನ್ನ ಮುಂದೆ ಹಿಡಿದರು. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪಗೆ, ನುಣ್ಣಗೆ ಇತ್ತು. ಅದರ ಮೇಲೆ ಒಂದರ ಹಿಂದೊಂದು ಬಾಗಿದ ಗೆರೆಗಳು. ಉಳಿದ ಕಾಲು ಭಾಗ ಖಡಿಸಕ್ಕರೆ ಒಡೆದ ಹಾಗೆ ಹೊಳೆಯುತ್ತಿತ್ತು.

“ಕೆರಿ ನೀರು ಇಳದಂಗ ದಂಡಿಗಿ ಗೆರಿ ಬೀಳ್ತಾವಲ್ಲ, ಹಂಗ ಇದು” ಅಂದರು. “ಸೀಳು ಇಷ್ಟಿಷ್ಟ ಮುಂದ ಹೋಗೇದ. ಈ ಹೊಳಿಯೋದು ಅಷ್ಟ ಇವತ್ತಿಂದು.” ಆಮೇಲೆ ನೆರಳಲ್ಲಿ ಕುಳಿತವರ ಕಡೆ ತಿರುಗಿ, “ಅವನಿಗೆ ಬೈಬ್ಯಾಡ್ರಿ. ಇದು ಇವತ್ತ ಮುರದಿಲ್ಲ. ಮುರಿಯೋದು ಇವತ್ತ ಮುಗದದ, ಅಷ್ಟ” ಎಂದರು.

ಕೋಳಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ಮುದುಕಿ ಅಂದಳು: “ಮುಗೀತಲ್ಲ, ಚಲೋ ಆತು. ಇನ್ನ ಮುಂದಿನ ಬಸ್ಸು ಯಾವಾಗ ಅದ, ಅದನ್ನರ ಹೇಳಪಾ.”

ನಾನು ಆ ಬಸ್ಸಿನಲ್ಲಿ ಇರಲೇ ಇಲ್ಲ, ಹಿಂದಿನ ದಿನವೇ ಮನೆಗೆ ಬಂದಿದ್ದೆ ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ಆದರೆ ಆ ತುಂಡಿನ ಗೆರೆಗಳು ನನಗೆ ಕಾಣುತ್ತವೆ. ಅದು ಕಾಕಾನ ಮನೆಯ ಗೂಡಿನಲ್ಲಿ ಬಹಳ ಕಾಲ ಇತ್ತು. ನೋಡಿದ್ದು ಅಲ್ಲಿಯೋ, ರಸ್ತೆಯಲ್ಲಿಯೋ, ಗೆರೆಗಳಂತೂ ಸುಳ್ಳಲ್ಲ.

ಅವರ ಬಳಿ ಕನ್ನಡಕದ ಗಾಜಿನಷ್ಟು ದೊಡ್ಡ ಎರಡು ಕಪ್ಪು ಪೋಲರಾಯ್ಡ್ ಹಾಳೆಗಳಿದ್ದವು. ಒಂದರಿಂದ ನೋಡಿದರೆ ಆಚೆಯದು ಮಬ್ಬಾಗಿ ಕಾಣುತ್ತಿತ್ತು. ಒಂದರ ಮೇಲೊಂದು ಅಡ್ಡವಾಗಿ ಹಿಡಿದರೆ ಬೆಳಕು ಪೂರ್ತಿ ನಿಲ್ಲುತ್ತಿತ್ತು. ನಡುವೆ ಶಾಲೆಯ ಮಕ್ಕಳು ಬಳಸುವ ಸೆಲ್ಯುಲಾಯ್ಡಿನ ತ್ರಿಕೋನಪಟ್ಟಿ ಇಟ್ಟು ಅದನ್ನು ಬೆರಳಿಂದ ಒತ್ತಿದರೆ ಕತ್ತಲಲ್ಲಿ ಕೆಂಪು, ಹಳದಿ, ನೀಲಿ ಪಟ್ಟೆಗಳು ಏಳುತ್ತಿದ್ದವು. ಒತ್ತುವುದು ಬಿಟ್ಟರೆ ಮಾಯ. ಪಟ್ಟೆಗಳು ಎಲ್ಲಿ ದಟ್ಟವಾಗಿ ಗಿಜಿಗುಡುತ್ತವೆಯೋ ಅಲ್ಲಿ ಒಳಗಿನ ಬಲ ಹೆಚ್ಚು. ಮೊನಚು ಮೂಲೆಗಳಲ್ಲಿ ಅವು ಯಾವಾಗಲೂ ಗುಂಪುಗೂಡುತ್ತಿದ್ದವು. ವಸ್ತುವಿನ ಒಳಗಿನ ಈ ಬಲಕ್ಕೆ ಅವರು ಇಟ್ಟ ಹೆಸರು ‘ತ್ರಾಸು’, ಸಂಕಟ ಎಂಬ ಅರ್ಥದಲ್ಲಿ. “ತ್ರಾಸು ಯಾರ ಕಣ್ಣಿಗೂ ಕಾಣಂಗಿಲ್ಲ ತಮ್ಮಾ. ಹಿಗ್ಗಿದ್ದು, ಕುಗ್ಗಿದ್ದು, ಅಷ್ಟ ಅಳೀಲಿಕ್ಕೆ ಬರ್ತದ. ಅದರ ಮ್ಯಾಲಿಂದ ಒಳಗಿನ ತ್ರಾಸು ತಿಳಕೋಬೇಕು. ಮನಶ್ಯಾರದೂ ಹಂಗ” ಎನ್ನುತ್ತಿದ್ದರು. ಕೊನೆಯ ಮಾತು ಅವರು ಸೇರಿಸಿದ್ದೋ, ನಾನು ಆಮೇಲೆ ಸೇರಿಸಿದ್ದೋ ಗೊತ್ತಿಲ್ಲ. ಅವರು ಇಂಥ ಮಾತು ಹೇಳುವವರಾಗಿರಲಿಲ್ಲ. ನಾನು ಸೇರಿಸಿದ್ದೇ ಇರಬೇಕು.

ಇನ್ನು ಕಮಾನಿನ ಕಥೆ.

ಜತ್ತ ಸಂಸ್ಥಾನ ವಿಲೀನವಾಗಿ ಮುಂಬೈ ಸರಕಾರ ಬಂದ ಮೇಲೆ ಊರಿನ ಹಳೆಯ ಕಚೇರಿಯ ವಾಡೆ ಕನ್ನಡ ಶಾಲೆಗೆ ಸಿಕ್ಕಿತ್ತು. ಅದರ ಹೆಬ್ಬಾಗಿಲೇ ಒಂದು ದೊಡ್ಡ ಕಲ್ಲಿನ ಕಮಾನು. ಆಳವಾದ ಆ ಕಮಾನಿನ ನೆರಳಲ್ಲಿ ಕೆಳಗಿನ ಎರಡು ತರಗತಿಗಳು ಕೂಡುತ್ತಿದ್ದವು. ಒಂದು ವರ್ಷ ಕಮಾನಿನ ಎಡಹೆಗಲಿನಿಂದ ಮೇಲಕ್ಕೆ ಬೆರಳು ತೂರುವಂಥ ಬಿರುಕು ಕಾಣಿಸಿತು. ತಾಲೂಕಿನಿಂದ ಬಂದ ಓವರ್‌ಸಿಯರ್ ನೋಡಿ, ಬೇರೆ ಜಾಗ ಸಿಗುವ ತನಕ ಆ ತರಗತಿಗಳನ್ನು ಮುಚ್ಚಿರಿ ಎಂದ. ಬೇರೆ ಜಾಗ ಇರಲಿಲ್ಲ. ಮುಚ್ಚಿದ ತರಗತಿ ಮತ್ತೆ ತೆರೆಯುತ್ತದೆ ಎಂದು ಯಾರಿಗೂ ನಂಬಿಕೆ ಇರಲಿಲ್ಲ. ಮುಚ್ಚಿದರೆ ಗಂಡುಹುಡುಗರು ಕುರಿಯ ಹಿಂದೆ, ಹೆಣ್ಣುಮಕ್ಕಳು ತಮ್ಮ-ತಂಗಿಯರನ್ನು ಟೊಂಕದ ಮೇಲೆ ಕೂರಿಸಿಕೊಂಡು ಮನೆಯಲ್ಲಿ. ಹೆಡ್‌ಮಾಸ್ತರರು ಕಾಕಾನ ಹತ್ತಿರ ಬಂದು, “ನೀವ ಒಂದ ಮಾತು ಹೇಳ್ರಿ, ಕುಂದ್ರಬೇಕೋ ಬ್ಯಾಡೋ?” ಎಂದು ಕೇಳಿದರು.

“ಸೀಳು ಇದ್ರ ಹೆದರಬಾರ್ದ್ರಿ, ಬೆಳಿಯೋ ಸೀಳಿಗಿ ಹೆದರಬೇಕು. ಇದು ಜೀವಂತ ಅದನೋ, ಸತ್ತದನೋ, ಒಂದ ವರ್ಷ ನೋಡಿ ಹೇಳ್ತೀನಿ” ಎಂದರು ಕಾಕಾ.

ನೋಡುವ ಉಪಾಯ ಬಹಳ ಸಾದಾ. ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗಳನ್ನು ಕಲ್ಲಿಗೆ ಗಟ್ಟಿಯಾಗಿ ಅಂಟಿಸುವುದು. ನಮ್ಮ ಕಡೆ ‘ಕಾಚು’ ಎನ್ನುವ ಈ ಗಾಜು ಹಿಗ್ಗುವುದಿಲ್ಲ. ಬಿರುಕು ಕೂದಲೆಳೆಯಷ್ಟು ಅಲುಗಿದರೂ ಒಡೆದು ಹೇಳುತ್ತದೆ. ದೇವರ ಪಟಗಳಿಗೂ ಮಕ್ಕಾದ ಪಟಗಳಿಗೂ ಕಟ್ಟು ಹಾಕುತ್ತಿದ್ದ ಹುಸೇನಸಾಬ ಮೂರು ಪಟ್ಟಿ ಕತ್ತರಿಸಿ, ತನ್ನ ವಜ್ರದ ಮೊನೆಯಿಂದ ಒಂದು, ಎರಡು, ಮೂರು ಎಂದು ಅಂಕಿ ಕೊರೆದುಕೊಟ್ಟ. ದೀಪಾವಳಿಯ ರಜೆಗೆ ಬಂದಿದ್ದ ನಾನೇ ಏಣಿ ಹತ್ತಿ ಅವನ್ನು ಅಂಟಿಸಿದೆ; ಕಾಕಾ ಏಣಿ ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಪಟ್ಟಿಗಳು ಕೆಳಗೆ ನಿಂತರೆ ಚೆನ್ನಾಗಿ ಕಾಣುತ್ತಿದ್ದವು.

“ಹಂಗಾರ ಕಾಚು ಒಡದ್ರ?” ಹೆಡ್‌ಮಾಸ್ತರರು ಕೇಳಿದರು.

“ಕಾಚು ನೆಟ್ಟಗ ಇರೋ ತನಾ ಮಕ್ಕಳು ಕುಂದ್ರಲಿ. ಒಡದ್ರ ಸಾಲಿ ಖಾಲಿ ಮಾಡ್ರಿ. ಒಂದ ದಿನಾನೂ ಕುಂದ್ರಬ್ಯಾಡ್ರಿ.”

ಶಾಲೆಯ ಕಸ ಗುಡಿಸುತ್ತಿದ್ದ ಕಲ್ಲವ್ವ ಕಸಬರಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವಳ ಮೊಮ್ಮಗಳು ನೀಲಿ ಅದೇ ಕಮಾನಿನ ಕೆಳಗೆ ಒಂದನೆಯ ಇಯತ್ತೆಯಲ್ಲಿ ಓದುತ್ತಿದ್ದಳು.

ಈ ಗಾಜಿನ ಮೇಲೆ ಕಾಕಾನ ಸ್ವಂತದ ಆಸೆಯೂ ಒಂದು ನಿಂತಿತ್ತು. ಅವರ ಪ್ರಾಧ್ಯಾಪಕರು ಮೀರಜಕ್ಕೆ ನೋಡಲು ಬಂದಾಗ ಹೇಳಿ ಹೋಗಿದ್ದರು: ಹಳೆಯ ಕಲ್ಲುಕಟ್ಟಡವೊಂದನ್ನು ಒಂದು ವರ್ಷ ಸರಿಯಾಗಿ ಗಮನಿಸಿ ತಂದರೆ ತಮ್ಮ ಹೊಸ ಪ್ರಯೋಗಶಾಲೆಯಲ್ಲಿ ಜಾಗ ಕೊಡುತ್ತೇನೆ, ಬರುವ ಜೂನ್ ಬಿಟ್ಟು ಅದರ ಮುಂದಿನ ಜೂನ್ ತನಕ ಅದು ಖಾಲಿ ಇರುತ್ತದೆ. ಆಗ ದೇಶದಲ್ಲೆಲ್ಲ ಅಣೆಕಟ್ಟು ಏಳುತ್ತಿದ್ದ ಕಾಲ. ಕಲ್ಲು ಹೊರೆ ಹೊರುವ ಬಗೆ ತಿಳಿದವರು ಬೇಕಾಗಿದ್ದರು. ಕಾಕಾ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಮುಂಬೈಯಿಂದ ತಂದ ಟ್ರಂಕಿನ ಬೀಗಕ್ಕೆ ಎಣ್ಣೆ ಬಿಡುತ್ತ. ಆ ಟ್ರಂಕನ್ನು ಅವರು ಪೂರ್ತಿ ಬಿಚ್ಚಿಯೇ ಇರಲಿಲ್ಲ.

ವರ್ಷವಿಡೀ ಕಾಕಾ ವಾರಕ್ಕೊಮ್ಮೆ ಹೋಗಿ ಕಮಾನಿನ ಕೆಳಗೆ ನಿಂತು ಕತ್ತೆತ್ತಿ ನೋಡಿ ಬಂದರು. ಬೇಸಿಗೆಯಲ್ಲಿ ಎರೆಭೂಮಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಟ್ಟಿತು. ಮಳೆಗಾಲದಲ್ಲಿ ನಾಲ್ಕು ಮಳೆ ಬಿದ್ದು ಆ ಬಾಯಿ ಮುಚ್ಚಿತು. ಒಂದು, ಎರಡು, ಮೂರು ಪಟ್ಟಿಗಳು ಇದ್ದಲ್ಲೇ ಇದ್ದವು. ಮುಂದಿನ ದೀಪಾವಳಿ ದಾಟಿದ ಮೇಲೆ ಕಾಕಾ ಹೆಡ್‌ಮಾಸ್ತರರಿಗೆ, ಊರ ಹಿರಿಯರಿಗೆ ತಮ್ಮ ಮಾತು ಹೇಳಿದರು: ಸೀಳು ಸತ್ತಿದೆ, ಮಕ್ಕಳು ಕೂಡಲಿ.

ಊರಿಗೆ ಸಂತೋಷವಾಯಿತು. ಅದೇ ಕಮಾನಿನ ಕೆಳಗೆ ಕಾಕಾನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಹೆಡ್‌ಮಾಸ್ತರರು ಭಾಷಣದಲ್ಲಿ ವಿಜ್ಞಾನ ಎಂಬ ಶಬ್ದವನ್ನು ಬಹಳ ಸಲ ಹೇಳಿದರು. ಆಮೇಲೆ ಚಹಾ. ಹುಸೇನಸಾಬ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ ನಗೆಯಾಡಿದ: “ಶಾಲು ನಿಮಗ ಹಾಕಿದ್ರಿ ಇಂಜನೇರ ಸಾಹೇಬ್ರ, ಬರೊಬ್ಬರಿ ಅದ. ಖರೆ ನನ್ನ ಹೆಸರೂ ಹೇಳಬೇಕಿತ್ತು. ಮೂರ ಕಾಚಿನ ಕೆಲಸ ಅಂದ್ರಿ, ಡಜನ್ ಗಟ್ಟಲೆ ಒಯ್ದ್ರಿ. ಅರೆ ಭಾಯ್, ಹರ್ ಬಾರ್ ನಂಬರ್ ಸುದ್ದಾ ಕೊರದ ಕೊಟ್ಟೀನಿ, ಮೊದಲಿಂದು ಹ್ಯಾಂಗಿತ್ತೋ ಹಂಗ.”

ಕಾಕಾ ಬಸಿ ಕೆಳಗಿಟ್ಟರು. ಅವರು ಕೇಳಿದ್ದು ನನಗೆ ಸ್ಪಷ್ಟ ನೆನಪಿದೆ. ಇಲ್ಲಿ ಅಕ್ಕನೂ ತಲೆಯಾಡಿಸುವುದಿಲ್ಲ. “ಹ್ಯಾಂಗ ಒಡದ್ವು ಹುಸೇನಭಾಯ್? ಒಮ್ಮಿಗಲೇನೋ, ಮೆಲ್ಲಕೋ?”

“ನನಗೇನ್ ಗೊತ್ತರಿ? ಕಲ್ಲವ್ವ ಒಯ್ತಿದ್ಲು. ನೀವ ಕಳಸೀರಿ ಅಂತ ನಾ ತಿಳದಿನಿ.”

ಕಲ್ಲವ್ವ ಕಪ್ಪು-ಬಸಿಗಳನ್ನು ತೊಳೆಯುತ್ತಿದ್ದಳು. ಕರೆದಾಗ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಮುಚ್ಚಿಡಲು ಏನೂ ಇಲ್ಲದವಳ ಹಾಗೆ ಹೇಳಿದಳು: “ಹೌದ್ರಿ, ನಾನ ಹಚ್ಚೀನಿ. ಒಡದಾಗೊಮ್ಮಿ ಏಣಿ ಹಾಕಿ, ಹಳೀದು ತಗದು, ಹೊಸದು ಗಾರಿಲೆ ಹಚ್ಚಿ, ಮ್ಯಾಲ ಸುಣ್ಣ ಬಳದೀನಿ. ಹುಡುಗ್ರು ಕುಂದ್ರೋ ಜಾಗಾ, ನೆತ್ತಿ ಮ್ಯಾಲ ಒಡಕ ಕಾಚು ಇರಬಾರ್ದಲ್ಲರಿ.”

“ನನಗ್ಯಾಕ ಹೇಳಲಿಲ್ಲ?”

“ಒಡದ್ರ ಸಾಲಿ ಬಂದ್ ಅಂತ ನೀವ ಅಂದಿದ್ರಿ. ಅದಕ್ಕ ಒಡೀದಂಗ ನೋಡಕೊಂಡ್ನಿ.” ಕಾಕಾ ಕತ್ತೆತ್ತಿ ಪಟ್ಟಿಗಳನ್ನು ನೋಡತೊಡಗಿದ್ದನ್ನು ಕಂಡು ಅವಳಿಗೆ ಅನುಮಾನ ಬಂತು. “ಯಾಕ್ರೀ ಯಪ್ಪಾ, ತಪ್ಪಾತೇನು? ಮಠದಾಗ ನಂದಾದೀಪ ಆರಿದ್ರ ಮತ್ತ ಹಚ್ತೀವಿ. ಊರ ಬಿಟ್ಟ ಹೋಗ್ತೀವೇನ್ರಿ?”

ಕಾಕಾ ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಆಮೇಲೆ ಹೆಗಲಿನ ಶಾಲು ತೆಗೆದು, ಮಡಿಸಿ, ಹೆಡ್‌ಮಾಸ್ತರರ ಕುರ್ಚಿಯ ಮೇಲೆ ಇಟ್ಟರು.

“ಇದನ್ನ ಇಟಗೋರಿ. ಮಕ್ಕಳನ್ನ ಎಬ್ಬಸ್ರಿ.”

“ಅಲ್ಲರೀ, ಶಾಲಿನ ಮಡಿಕಿ ಸೈತ ಮುರದಿಲ್ಲ, ಮಾತು ತಿರಗಸ್ತೀರಲ್ಲ” ಎಂದರು ಹೆಡ್‌ಮಾಸ್ತರರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. “ಕಮಾನು ಇಲ್ಲೇ ಅದ. ಬಿದ್ದಿಲ್ಲ. ನಿಮ್ಮ ಮಾತಿಗಿ ಇನ್ನೇನ ಸಾಕ್ಷಿ ಬೇಕು?”

“ನಾ ಹೇಳಿದ್ದು ಕಾಚು ನೋಡಿ. ನಾ ನೋಡಿದ ಕಾಚು ಬ್ಯಾರೇನ ಇತ್ತು. ಹಂಗಾರ ನಾ ಹೇಳಿದ್ದು ಖರೇನೂ ಅಲ್ಲ, ಸುಳ್ಳೂ ಅಲ್ಲ. ಏನೂ ಅಲ್ಲ ಅದು.”

ನಾನು ಆಗ ಬುದ್ಧಿವಂತಿಕೆ ತೋರಿಸಲು ಹೋದೆ. ವರ್ಷ ಪೂರ್ತಿ ಹಾಳಾಗಿಲ್ಲ. ಯಾವ ಯಾವ ಪಟ್ಟಿ ಯಾವಾಗ ಒಡೆಯಿತು ಎಂದು ಕಲ್ಲವ್ವನನ್ನೂ ಹುಸೇನಸಾಬನನ್ನೂ ಕೇಳಿ ಕೂಡಿಸಿದರೆ ಬೇಕಾದ ಮಾಹಿತಿ ಸಿಗುತ್ತದೆ ಎಂದೆ. ಜೂನಿನ ಜಾಗ ನನ್ನ ತಲೆಯಲ್ಲಿತ್ತು. ಕಾಕಾ ಬೇಡ ಅನ್ನಲಿಲ್ಲ. ಇಬ್ಬರನ್ನೂ ತಮ್ಮ ಪಡಸಾಲೆಯಲ್ಲಿ ಕೂರಿಸಿದರು.

“ಮೊದಲ ಒಡದಿದ್ದು ಹೋಳಿ ಹುಣ್ಣಿವಿ ಆದ ಮ್ಯಾಲ. ಹುಡುಗ್ರ ಮಾರ್ಯಾಗ ಇನ್ನಾ ಬಣ್ಣ ಇತ್ತು” ಎಂದಳು ಕಲ್ಲವ್ವ.

“ಎಲ್ಲಿ ಹೋಳಿ ಬೇ? ನೀ ಬಂದಾಗ ಮೊಹರಂ ಡೋಲಿಗಿ ಕನ್ನಡಿ ಹಚ್ಚಲಿಕತ್ತಿದ್ನಿ ನಾನು. ಹಬ್ಬದ ಗಡಿಬಿಡ್ಯಾಗ ನಿನ್ನ ಕಾಚೊಂದು ಅಂತ ಬೈದೀನಿಲ್ಲ?”

“ಬೈದಿದ್ದು ಎರಡನೇ ಸಲ ಮಾಮಾ. ಮೊದಲನೇ ಸಲ ನೀ ಊಟಕ್ಕ ಕುಂತಿದ್ದಿ, ನಿನ್ನ ಹೇಣ್ತಿ ತಗದು ಕೊಟ್ಲು.”

“ನನ್ನ ಹೇಣ್ತಿ ಕಾಚಿಗಿ ಕೈ ಹಚ್ಚಂಗಿಲ್ಲ.”

“ಕೇಳ ಹೋಗು.”

ಹೀಗೆ ಸಾಕಷ್ಟು ಹೊತ್ತು ನಡೆಯಿತು. ಎರಡನೆಯ ಅಂಕಿಯ ಪಟ್ಟಿ ಎಷ್ಟು ಸಲ ಒಡೆಯಿತು ಎಂಬುದರಲ್ಲೂ ಇಬ್ಬರ ಮಾತು ಕೂಡಲಿಲ್ಲ. ಇಬ್ಬರೂ ಪ್ರಾಮಾಣಿಕರು, ಇಬ್ಬರಿಗೂ ತಮ್ಮ ನೆನಪೇ ಗಟ್ಟಿ. ಅವರು ಹೋದ ಮೇಲೆ ಕಾಕಾ ಅಂದರು: “ಮಂದಿ ನೆನಪು ಭಾಳ ಹಿಗ್ತದ ತಮ್ಮಾ. ಎಷ್ಟ ಎಳದ್ರೂ ಹರಿಯಂಗಿಲ್ಲ. ಅದರಲೆ ಅಳತಿ ಮಾಡಬಾರ್ದು.” ನಾನು ಈ ಬರಹವನ್ನು ಬರೆಯುತ್ತಿರುವುದು ಅದೇ ಸಾಮಗ್ರಿಯಿಂದ ಎಂಬುದು ನನಗೆ ಮರೆತಿಲ್ಲ.

ಅವರು ಆ ವರ್ಷವನ್ನು ಪೂರ್ತಿ ಕೈಬಿಟ್ಟರು. ಹೊಸದಾಗಿ ಶುರು ಮಾಡಿದರೆ ಇನ್ನೊಂದು ವರ್ಷ ಬೇಕು, ಜೂನ್ ದಾಟಿ ಹೋಗುತ್ತದೆ. ನಾನು ಅದನ್ನು ಎತ್ತಿದೆ. “ಆ ಜಾಗಾ ಇನ್ನೊಬ್ರಿಗಿ ಹೋಗ್ತದ. ಕಮಾನು ನೋಡೋರು ಇಲ್ಲಿ ಯಾರದಾರ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಎದ್ದು ಹೋದರು. ಕೆಲವು ದಿನಗಳ ಮೇಲೆ ಟ್ರಂಕು ಬಿಚ್ಚಿ ಒಳಗಿದ್ದ ಕ್ಯಾಲಿಪರ್ ಹೊರತೆಗೆದರು.

ತರಗತಿಗಳು ಮಠದ ಪಡಸಾಲೆಗೆ ಹೋದವು. ಅಲ್ಲಿ ಅರ್ಧ ಮಕ್ಕಳಿಗೆ ಮಾತ್ರ ಜಾಗ. ಉಳಿದ ಅರ್ಧ ಕುರಿ, ಕೂಸು, ಹೊಲ ಎಂದು ಚದುರಿತು. ಜನ ಕಾಕಾನನ್ನು ಕಂಡಾಗ ನೇರವಾಗಿ ಏನೂ ಅನ್ನುತ್ತಿರಲಿಲ್ಲ. ಆದರೆ ಕಟ್ಟೆಯ ಮೇಲಿಂದ, “ಕಾಚಿನ ಸಾಹೇಬ್ರು ಹೊಂಟ್ರು, ಗ್ವಾಡಿ ಹುಷಾರ್” ಎಂಬ ಮಾತು ಕೇಳುವಷ್ಟು ಗಟ್ಟಿಯಾಗಿಯೇ ಬರುತ್ತಿತ್ತು. ನೀಲಿಗೂ ಮಠದಲ್ಲಿ ಜಾಗ ಸಿಗಲಿಲ್ಲ. ಕಲ್ಲವ್ವ ಬಹಳ ದಿನ ಕಾಕಾನ ಜೊತೆ ಮಾತು ಬಿಟ್ಟಿದ್ದಳು.

ಎರಡನೆಯ ವರ್ಷ ಕಾಕಾ ಬಿರುಕಿನ ಎರಡೂ ಕಡೆ ಕಲ್ಲಿಗೆ ಹಿತ್ತಾಳೆಯ ಮೊಳೆ ಕೂರಿಸಿದರು. ಅವುಗಳ ನಡುವಿನ ಅಂತರವನ್ನು ಕ್ಯಾಲಿಪರಿನಿಂದ ತಾವೇ ಅಳೆಯುತ್ತಿದ್ದರು. ಬೇರೆ ಯಾರನ್ನೂ ಏಣಿ ಹತ್ತಿಸಲಿಲ್ಲ. ಪ್ರತಿ ಮೆಟ್ಟಿಲಿನಲ್ಲಿ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಒಂದು ಮೆಟ್ಟಿಲು. ಪಕ್ಕದಲ್ಲಿ ಒಂದು ಗಾಜಿನ ಪಟ್ಟಿಯನ್ನೂ ಅಂಟಿಸಿದರು. ಕಲ್ಲವ್ವನನ್ನು ಕರೆದು, “ಇದು ಒಡೀಲಿ. ಒಡದ ಮ್ಯಾಲ ಹಂಗ ಇರಲಿ. ಮುಟ್ಟಬ್ಯಾಡ” ಎಂದರು. ಅವಳು ಮುಖ ತಿರುಗಿಸಿ ಕಸಬರಿಗೆ ಎತ್ತಿಕೊಂಡು ಹೋದಳು.

ಬೇಸಿಗೆಯಲ್ಲಿ ಗಾಜು ಒಡೆಯಿತು. ಅಳತೆ ಅಷ್ಟಷ್ಟೇ ಹೆಚ್ಚುತ್ತ ಹೋಯಿತು. ಮಳೆ ಬಿದ್ದು ಎರೆಮಣ್ಣು ಉಬ್ಬಿದ ಮೇಲೆ ಇಳಿಯುತ್ತ ಬಂತು. ವರ್ಷ ತುಂಬಿದಾಗ ಎಲ್ಲಿ ಶುರುವಾಗಿತ್ತೋ ಅಲ್ಲಿಗೇ ಬಂದು ನಿಂತಿತು. ಕಮಾನಿನ ಬುಡದ ನೆಲ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಅದರೊಂದಿಗೆ ಕಮಾನೂ ಬಿರುಕಿನ ಜಾಗದಲ್ಲಿ ಕೀಲಿನ ಹಾಗೆ ತುಸು ತೆರೆದು ತುಸು ಮುಚ್ಚುತ್ತದೆ. ಕಮಾನಿಗೆ ಇಂಥ ಒಂದೆರಡು ಕೀಲು ಬಂದರೂ ಅದು ನಿಲ್ಲಬಲ್ಲದು ಎಂಬುದನ್ನು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ. ಕಾಕಾ ಅದನ್ನು ಊರವರಿಗೆ ಹೇಳಿದ್ದು ಇಷ್ಟೇ: “ಜೀವಂತ ಅದ, ಖರೆ. ಉಸರಾಡ್ತದ. ಬೆಳಿಯಂಗಿಲ್ಲ. ಇದರ ಭೇದ ಕಾಚಿಗಿ ತಿಳಿಯಂಗಿಲ್ಲ, ಅಳತಿಗಿ ತಿಳೀತದ. ಮಕ್ಕಳು ಕುಂದ್ರಲಿ. ವರ್ಷಾ ವರ್ಷಾ ಅಳೀತಿರಬೇಕು.”

ಈ ಸಲ ಯಾರೂ ಶಾಲು ತರಲಿಲ್ಲ. ಒಬ್ಬ ಹಿರಿಯರು ಮೀಸೆ ತಿರುವುತ್ತ ಕೇಳಿದರು: “ಹೋದ ವರ್ಷ ಕುಂದ್ರಲಿ ಅಂದ್ರಿ, ಮರುಗಳಿಗಿ ಏಳಲಿ ಅಂದ್ರಿ. ಈಗ ಮತ್ತ ಕುಂದ್ರಲಿ ಅಂತೀರಿ. ಒಂದ ಕೆಲಸ ಮಾಡ್ರಿ. ಈ ಚಳಿಗಾಲ ಪೂರ್ತಿ ನೀವ ಅದರ ತೆಳಗ ಖುರ್ಚಿ ಹಾಕ್ಕೊಂಡು ಕುಂದ್ರಿ. ಬೀಳಲಿಲ್ಲಂದ್ರ ನಮ್ಮ ಹುಡುಗ್ರನ್ನ ಕಳಸ್ತೀವಿ.”

ಜನಕ್ಕೆ ಅದು ನ್ಯಾಯ ಅನಿಸಿತು. ನನಗೂ ಅನಿಸಿತು, ಕುಳಿತರೆ ಕೆಲಸ ಮುಗಿಯುತ್ತಿತ್ತು. ಕಾಕಾ ಒಪ್ಪಲಿಲ್ಲ.

“ಕುಂದ್ರಲಿಕ್ಕೆ ನನಗ ಅಂಜಿಕಿಲ್ರಿ. ಆದ್ರ ನಾ ಕುಂತು ಅದು ಬೀಳಲಿಲ್ಲಂದ್ರ ನನ್ನ ದೈವ ಚಲೋ ಅಂತ ಆಗ್ತದ, ಕಮಾನು ಚಲೋ ಅಂತ ಅಲ್ಲ. ಅದು ಸಾಕ್ಷಿ ಅಲ್ಲ. ಸಾಕ್ಷಿ ಅಲ್ಲದ್ದನ್ನ ಸಾಕ್ಷಿ ಅಂತ ತೋರಸ್ಲಿಕ್ಕೆ ನನ್ನ ಕೈಲೆ ಆಗಂಗಿಲ್ಲ.”

“ಹಂಗಾರ ನಮ್ಮ ಕೈಲೂ ಕಳಸ್ಲಿಕ್ಕೆ ಆಗಂಗಿಲ್ಲ” ಎಂದು ಹಿರಿಯರು ಎದ್ದರು. ಬಂದವರೆಲ್ಲ ಹೊರಟರು.

ಮರುದಿನ ಬೆಳಿಗ್ಗೆ ಶಾಲೆಯ ಗಂಟೆ ಹೊಡೆದಾಗ ಕಲ್ಲವ್ವ ಮೊಮ್ಮಗಳ ಕೈ ಹಿಡಿದು ಬಂದಳು. ಕಮಾನಿನ ಕೆಳಗೆ, ಬಿರುಕಿನ ನೇರಕ್ಕೆ, ಗೋಣಿ ತಟ್ಟು ಹಾಸಿ ನೀಲಿಯನ್ನು ಕೂರಿಸಿ ಬರೆಯುವ ಪಾಟಿ ಕೈಗೆ ಕೊಟ್ಟಳು. ತಾನು ಪಕ್ಕದಲ್ಲಿ ಕಸ ಗುಡಿಸತೊಡಗಿದಳು. ನೀರಿಗೆ ಹೊರಟಿದ್ದ ಹೆಂಗಸರು ನಿಂತರು. “ಏನವಾ ಕಲ್ಲವ್ವ, ಹುಚ್ಚ ಹಿಡದದೇನ ನಿನಗ? ಅಂವನ ಮಾತ ನಂಬಿ ಕೂಸಿನ್ನ ಕುಂದ್ರಸೀದಿ?” ಎಂದರು.

ಕಲ್ಲವ್ವ ಗುಡಿಸುವುದನ್ನು ನಿಲ್ಲಿಸಲಿಲ್ಲ. “ಸುಳ್ಳ ಹೇಳೋ ಮನಶ್ಯಾ ಆಗಿದ್ರ ಮೊದಲನೇ ಸಲಾನ ಸುಮ್ಕ ಇರ್ತಿದ್ದ. ಶಾಲು ಹೊಚಗೊಂಡು ಮನಿಗಿ ಹೋಗ್ತಿದ್ದ” ಅಂದಳು.

ಆ ವಾರ ನಾಲ್ಕಾರು ಮಕ್ಕಳು ಬಂದರು. ಸಂಕ್ರಾಂತಿ ಹೊತ್ತಿಗೆ ಎರಡೂ ತರಗತಿ ತುಂಬಿದ್ದವು. ಕಮಾನು ಬೀಳಲಿಲ್ಲ. ಬೀಳದಿರುವುದೂ ಸಾಕ್ಷಿ ಅಲ್ಲ ಎಂದು ಕಾಕಾ ಅನ್ನುತ್ತಿದ್ದರೇನೋ.

ಅವರು ಮುಂಬೈಗೆ ಮರಳಿ ಹೋಗಲಿಲ್ಲ. ಆ ಪ್ರಯೋಗಶಾಲೆಯ ಜಾಗ ಬೇರೊಬ್ಬರಿಗೆ ಹೋಯಿತು. ಆ ಜಾಗ ಪಡೆದವರನ್ನು ಮುಂದೆ ನಾನೇ ಒಂದು ಸಭೆಯಲ್ಲಿ ಭೇಟಿಯಾದೆ. ಒಳ್ಳೆಯ ಮನುಷ್ಯ, ಕಮಾನುಗಳ ಬಗ್ಗೆ ಏನೂ ಆಸಕ್ತಿ ಇರಲಿಲ್ಲ. ನಾನು ಸಂಶೋಧನೆಗೆಂದು ಪುಣೆಗೆ ಹೊರಟಾಗ ಕಾಕಾ ಬಸ್ಸಿನ ತನಕ ಬಂದರು. ಏನಾದರೂ ಹೇಳುತ್ತಾರೆಂದು ಕಾದೆ. ಅವರು ಬಸ್ಸಿನ ಹಿಂದಿನ ಚಕ್ರದ ಬಳಿ ಬಗ್ಗಿ ಸ್ವಲ್ಪ ಹೊತ್ತು ನೋಡಿ, “ಹೋಗಿ ಬಾ, ಇದು ಪುಣಾ ತನಾ ತಾಳ್ತದ” ಎಂದರು. ಆ ಬಸ್ಸು ವಿಜಾಪುರಕ್ಕೆ ಮಾತ್ರ ಹೋಗುತ್ತಿತ್ತು ಎನ್ನುತ್ತಾಳೆ ಅಕ್ಕ. ಅದೇ ಕೊನೆಯ ಭೇಟಿ.

ಅವರು ತೀರಿಹೋದ ಸುದ್ದಿ ನನಗೆ ತಡವಾಗಿ ತಲುಪಿತು. ಊರಿಗೆ ಬಂದವನು ಹುಸೇನಸಾಬನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ನನ್ನ ಬಾಯಿಂದ ಬಂದ ಮಾತು, “ಹ್ಯಾಂಗ ಆತು ಮಾಮಾ? ಒಮ್ಮಿಗಲೇನೋ, ಮೆಲ್ಲಕೋ?”

ಅವನು ಗಾಜು ಕೊರೆಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದ. “ಬಂದೋರೆಲ್ಲ ಅಯ್ಯೋ ಅಂದು ಹೋದ್ರು. ಕೇಳಿದಾಂವ ನೀ ಒಬ್ಬನ” ಎಂದ. ಆಮೇಲೆ, “ಮೆಲ್ಲಕ. ಏಣಿ ಹತ್ತೋದು ಬಿಡ್ರಿ ಅಂತ ಎಲ್ಲಾರೂ ಹೇಳಿದ್ವಿ” ಎಂದ.

ಅಲ್ಲಿಂದ ಶಾಲೆಗೆ ಹೋದೆ. ಗೋಡೆಗಳಿಗೆ ಆಗಷ್ಟೇ ಸುಣ್ಣ ಬಳಿದಿದ್ದರು, ಕಮಾನೂ ಬೆಳ್ಳಗಿತ್ತು. ಎಡಹೆಗಲಿನ ಹತ್ತಿರ ಮಾತ್ರ ಅಂಗೈಯಗಲದ ಒಂದು ಜಾಗ ಸುಣ್ಣ ಕಾಣದೆ ಹಳೆಯ ಕಲ್ಲಿನ ಬಣ್ಣದಲ್ಲಿತ್ತು. ಅದರ ನಡುವೆ ಆ ಗಾಜು, ನಡುಭಾಗದಲ್ಲಿ ಒಡೆದು ಎರಡು ತುಂಡಾಗಿ, ಎರಡೂ ತುದಿ ಕಲ್ಲಿಗೆ ಅಂಟಿಕೊಂಡು, ಧೂಳು ಹಿಡಿದು ಹಾಗೇ ಇತ್ತು. ಹೊಸ ಹೆಡ್‌ಮಾಸ್ತರರು ತೆಗೆಸಲು ಎರಡು ಸಲ ಆಳು ಕಳಿಸಿದ್ದರಂತೆ, ಕಲ್ಲವ್ವ ಏಣಿಯನ್ನೇ ಕೊಟ್ಟಿರಲಿಲ್ಲವಂತೆ. ಕೆಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು.

ಎರಡು ತುಂಡುಗಳ ನಡುವಿನ ಸಂದು ಎಷ್ಟಿದೆ ನೋಡೋಣ ಎಂದು ನಾನು ಹುಸೇನಸಾಬನ ಅಂಗಡಿಯಿಂದ ಏಣಿ ತಂದು ಹತ್ತಿದೆ. ಜೇಬಿನಲ್ಲಿ ಅಳತೆಪಟ್ಟಿ ಇತ್ತು. ಕೈ ಚಾಚುವಷ್ಟರಲ್ಲಿ ಕೆಳಗಿನಿಂದ ಕಲ್ಲವ್ವನ ಧ್ವನಿ ಬಂತು. ವಯಸ್ಸಾಗಿತ್ತು, ನನ್ನ ಗುರುತು ಹತ್ತಿರಲಿಲ್ಲ.

“ಯಾರಪಾ ಅದು? ಅದನ್ನ ಮುಟ್ಟಬ್ಯಾಡ. ಹಂಗ ಇರಲಿ ಅಂತ ಸಾಹೇಬ್ರು ಹೇಳ್ಯಾರ.”

ನಾನು ಕೈ ಹಿಂದೆ ತೆಗೆದುಕೊಂಡೆ.